ಇನ್ನೂರು ರೂಪಾಯಿಯ ಆಸ್ತಿ, ಅರೆಹೊಟ್ಟೆಯ ಊಟ: ‘ಬೂಢೀ ಕಾಕಿ’ ಕತೆಯಲ್ಲಿ ಸ್ವಾರ್ಥ ನಡೆಯುವ ಬಗೆ

ಹಿಂದಿ ಕತೆಗಾರ ಪ್ರೇಮಚಂದರ ‘ಬೂಢೀ ಕಾಕಿ’ (ಮುದಿ ಚಿಗವ್ವ, ಅಂದರೆ ಚಿಕ್ಕಮ್ಮ) ಕತೆಯ ಆರಂಭದಲ್ಲೇ ಒಂದು ಲೆಕ್ಕ ಬರುತ್ತದೆ. ಕಾಕಿ ತನ್ನ ಪಾಲಿನ ಆಸ್ತಿಯನ್ನೆಲ್ಲ ಗಂಡನ ಸೋದರನ ಮಗ ಬುದ್ಧಿರಾಮನ ಹೆಸರಿಗೆ ಬರೆದುಕೊಟ್ಟಿದ್ದಾಳೆ. ಅದರ ಹುಟ್ಟುವಳಿ ವರ್ಷಕ್ಕೆ 150–200 ರೂಪಾಯಿಗೆ ಕಡಿಮೆಯಿಲ್ಲ. ಸುಮಾರು ನೂರು ವರ್ಷದ ಹಿಂದಿನ ಹಳ್ಳಿಯಲ್ಲಿ ಒಬ್ಬ ಮುದುಕಿಯ ಹೊಟ್ಟೆಗೆ ಅಷ್ಟು ಸಾಕಾಗಿ ಮಿಗಬೇಕು. ಆದರೆ ಕಾಕಿಗೆ ಹೊಟ್ಟೆ ತುಂಬ ಊಟ ಸಿಗುವುದೇ ಕಷ್ಟ. ಇದಕ್ಕೆ ಬುದ್ಧಿರಾಮ ಕಾರಣನೋ, ಅವನ ಹೆಂಡತಿ ರೂಪಾ ಕಾರಣಳೋ ಎಂದು ತೀರ್ಮಾನಿಸುವುದು ಸುಲಭವಲ್ಲ ಎಂದು ಲೇಖಕರು ಅಲ್ಲೇ ಹೇಳಿಬಿಡುತ್ತಾರೆ.

ನಮ್ಮ ಬಾಗಲಕೋಟೆ, ವಿಜಯಪುರದ ಕಡೆ ಇಂಥ ಮನೆಯ ಸುದ್ದಿ ಬಂದರೆ ತೀರ್ಪು ಬೇಗ ಹೊರಬೀಳುತ್ತದೆ. ‘ಸೊಸಿ ಸರಿ ಇಲ್ಲ ಬಿಡ್ರಿ’ ಎಂದೋ, ‘ಮಗ ಹೇಂತಿ ಹೇಳಿದಂಗ ಕೇಳ್ತಾನ’ ಎಂದೋ ಕಟ್ಟೆಯ ಮೇಲಿನ ಮಾತು ಮುಗಿದುಹೋಗುತ್ತದೆ. ಕತೆಯನ್ನು ಹಿಂದಿ ಪಾಠವಾಗಿ ಓದಿದವರೂ ಬಹುಮಟ್ಟಿಗೆ ಹಾಗೇ ನೆನಪಿಟ್ಟುಕೊಂಡಿರುತ್ತಾರೆ: ಕೆಟ್ಟ ಸೊಸೆ, ಪಾಪದ ಮುದುಕಿ, ಕೊನೆಗೆ ಪಶ್ಚಾತ್ತಾಪ. ನನಗೆ ಇದು ಕತೆಗೆ ಮಾಡುವ ಅನ್ಯಾಯ ಅನ್ನಿಸುತ್ತದೆ. ಈ ಕತೆಯಲ್ಲಿ ದುಷ್ಟರು ಯಾರೂ ಇಲ್ಲ. ಸ್ವಾರ್ಥವನ್ನು ಮನೆಮಂದಿಯೆಲ್ಲ ಹಂಚಿಕೊಂಡಿದ್ದಾರೆ. ಒಬ್ಬೊಬ್ಬರ ಪಾಲಿಗೆ ಬಂದದ್ದು ಸ್ವಲ್ಪವೇ, ಎಲ್ಲ ಕೂಡಿದಾಗ ಒಂದು ಜೀವ ಹಸಿದು ಮಲಗುತ್ತದೆ. ಯಾರ ಪಾಲು ಎಷ್ಟು, ಯಾವ ಬಗೆಯದು ಎಂದು ಬಿಡಿಸಿ ನೋಡಿದರೆ ನಮ್ಮ ಮನೆಗಳೂ ಅರ್ಥವಾಗುತ್ತವೆ.

ಕತೆ ದೊಡ್ಡದಲ್ಲ. ಕಾಕಿಯ ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ಬೆಳೆದ ಗಂಡುಮಕ್ಕಳೂ ಒಬ್ಬೊಬ್ಬರಾಗಿ ಹೋಗಿದ್ದಾರೆ. ಕಣ್ಣು, ಕೈ, ಕಾಲು ಯಾವುದರಲ್ಲೂ ಶಕ್ತಿಯಿಲ್ಲ, ಉಳಿದಿರುವುದು ನಾಲಿಗೆಯ ಚಪಲ ಒಂದೇ. ಊಟದ ಹೊತ್ತು ಮೀರಿದರೆ, ಬಡಿಸಿದ್ದು ಸಾಲದಿದ್ದರೆ ಆಕೆ ಗಂಟಲು ಹರಿಯುವಂತೆ ಅಳುತ್ತಾಳೆ. ಮನೆಯ ಹುಡುಗರು ಚಿವುಟಿ ಓಡುತ್ತಾರೆ, ಬಾಯಲ್ಲಿನ ನೀರು ಉಗಿಯುತ್ತಾರೆ. ಬುದ್ಧಿರಾಮನ ಚಿಕ್ಕ ಮಗಳು ಲಾಡ್ಲಿ ಒಬ್ಬಳಿಗೆ ಮಾತ್ರ ಕಾಕಿಯ ಮೇಲೆ ಜೀವ. ಒಂದು ದಿನ ಹಿರಿಮಗನ ತಿಲಕದ ಕಾರ್ಯ, ನಮ್ಮ ನಿಶ್ಚಯದಂಥದು. ಭಟ್ಟಿಯ ಮೇಲೆ ದೊಡ್ಡ ಕಡಾಯಿ, ತುಪ್ಪದಲ್ಲಿ ತೇಲುವ ಪೂರಿ, ಕಚೋರಿ, ಹಂಡೆ ತುಂಬ ಮಸಾಲೆ ಹಾಕಿದ ಪಲ್ಯ. ವಾಸನೆ ತಡೆಯಲಾರದೆ ಕಾಕಿ ಎರಡು ಸಲ ತನ್ನ ಕೋಣೆಯಿಂದ ತೆವಳಿಕೊಂಡು ಹೊರಗೆ ಬರುತ್ತಾಳೆ. ಮೊದಲ ಸಲ ರೂಪಾ ಬೈದು ಅಟ್ಟುತ್ತಾಳೆ. ಎರಡನೇ ಸಲ ಪಂಗ್ತಿಯ ನಡುವೆ ಸಿಕ್ಕಿಬಿದ್ದವಳನ್ನು ಬುದ್ಧಿರಾಮ ಎಳೆದುಕೊಂಡು ಹೋಗಿ ಕತ್ತಲೆ ಕೋಣೆಯಲ್ಲಿ ಕೆಡವುತ್ತಾನೆ. ರಾತ್ರಿ ಹನ್ನೊಂದಕ್ಕೆ ಲಾಡ್ಲಿ ತನ್ನ ಪಾಲಿನ ಪೂರಿಗಳನ್ನು ಗೊಂಬೆಯ ಪೆಟ್ಟಿಗೆಯಲ್ಲಿ ಬಚ್ಚಿಟ್ಟು ತರುತ್ತಾಳೆ. ಅಷ್ಟಕ್ಕೆ ಹಸಿವು ಹೋಗುವುದಿಲ್ಲ. ಕಾಕಿ ಆ ಮಗುವಿನ ಕೈ ಹಿಡಿದು ಹೋಗಿ ಬೀಗರು ಉಂಡೆದ್ದ ಎಂಜಲೆಲೆಗಳಲ್ಲಿ ತುಣುಕು ಆರಿಸಿ ತಿನ್ನುತ್ತಾಳೆ. ಎಚ್ಚರಾದ ರೂಪಾ ಅದನ್ನು ನೋಡಿ ನಡುಗಿಹೋಗುತ್ತಾಳೆ, ದೀಪ ಹಚ್ಚಿ, ತಾಟು ತುಂಬ ಬಡಿಸಿಕೊಂಡು ಬಂದು ಕಾಕಿಯ ಮುಂದಿಡುತ್ತಾಳೆ.

ಈಗ ಬುದ್ಧಿರಾಮನ ಪಾಲು. ಗಂಟಿಗೆ ಪೆಟ್ಟು ಬೀಳದ ತನಕ ಅವನು ಸಜ್ಜನ ಎನ್ನುತ್ತದೆ ಕತೆ. ಅವನಿಗೆ ಆಗೀಗ ಬೇಜಾರೂ ಆಗುತ್ತದೆ, ಈ ಆಸ್ತಿಯಿಂದಲೇ ತಾನು ಊರಲ್ಲಿ ದೊಡ್ಡ ಮನುಷ್ಯನಾಗಿ ಕೂತಿದ್ದೇನೆ ಎಂಬುದೂ ಗೊತ್ತಿದೆ. ಬಾಯಿಮಾತಿನ ಸಮಾಧಾನದಿಂದ ಕಾಕಿಯ ಸ್ಥಿತಿ ಸುಧಾರಿಸುವಂತಿದ್ದರೆ ಅವನು ಹಿಂದೆಮುಂದೆ ನೋಡುತ್ತಿರಲಿಲ್ಲ. ಖರ್ಚಿನ ಭಯ ಅವನ ಒಳ್ಳೆಯತನವನ್ನು ಅದುಮಿ ಇಟ್ಟಿದೆ. ಇಂಥವರು ನಮಗೆಲ್ಲ ಗೊತ್ತಿರುವವರೇ. ಊರ ಕಾರ್ಯಕ್ಕೆ ಮುಂದೆ, ಸಾಲಿಯ ಕಟ್ಟಡಕ್ಕೆ ದೇಣಿಗೆ, ಬಂದವರಿಗೆಲ್ಲ ಚಹಾ. ಒಳಕೋಣೆಯಲ್ಲಿ ಕೆಮ್ಮುತ್ತಿರುವ ಮುದುಕಿಯ ಔಷಧದ ಚೀಟಿ ಮಾತ್ರ ವಾರಗಟ್ಟಲೆ ಕಿಸೆಯಲ್ಲೇ ಇರುತ್ತದೆ.

ಬುದ್ಧಿರಾಮ ಕಾಕಿಯನ್ನು ಎಳೆದೊಯ್ಯುವ ಸಾಲಿನಲ್ಲಿ ಪ್ರೇಮಚಂದರು ಕೊಡುವ ಹೋಲಿಕೆಯನ್ನು ನಿಧಾನವಾಗಿ ಓದಬೇಕು. ತಲೆತಪ್ಪಿಸಿಕೊಂಡ ಸಾಲಗಾರ ಕಣ್ಣಿಗೆ ಬಿದ್ದಾಗ ಕರುಣೆಯಿಲ್ಲದ ಸಾಹುಕಾರ ಹೇಗೆ ಅವನ ಕುತ್ತಿಗೆಗೆ ಕೈ ಹಾಕುತ್ತಾನೋ ಹಾಗೆ ಇವನು ಕಾಕಿಯ ಮೇಲೆ ಎರಗಿದ ಎನ್ನುತ್ತಾರೆ. ಲೆಕ್ಕದಲ್ಲಿ ಸಾಲಗಾರ ಇವನೇ. ಬರೆಸಿಕೊಂಡವನು ಇವನು, ಮಾತು ಕೊಟ್ಟವನು ಇವನು, ತೀರಿಸಬೇಕಾದವನು ಇವನು. ಆ ಅಂಗಳದಲ್ಲಿ ಎಲ್ಲ ತಿರುಗುಮುರುಗಾಗಿದೆ. ಕೊಡಬೇಕಾದವನು ವಸೂಲಿಗೆ ಬಂದವನಂತೆ ಅಬ್ಬರಿಸುತ್ತಾನೆ, ಪಡೆಯಬೇಕಾದವಳು ತಪ್ಪಿತಸ್ಥಳಂತೆ ಮೈ ಮುದುಡಿಕೊಳ್ಳುತ್ತಾಳೆ. ಕುಟುಂಬದಲ್ಲಿ ಸ್ವಾರ್ಥ ಹಳತಾದಂತೆ ಹೀಗೇ ಆಗುತ್ತದೆ. ಮೊದಲ ವರ್ಷ ‘ಚಿಗವ್ವ ಕೊಟ್ಟದ್ದು’ ಅನ್ನಿಸಿಕೊಂಡ ಹೊಲ ಹತ್ತನೇ ವರ್ಷಕ್ಕೆ ‘ನಮ್ಮ ಹೊಲ’ ಆಗಿರುತ್ತದೆ, ಚಿಗವ್ವ ‘ನಾವು ಸಾಕಾಕ್ಹತ್ತಿದ ಮುದುಕಿ’ ಆಗಿರುತ್ತಾಳೆ. ಸುಳ್ಳು ಹೇಳಬೇಕೆಂದು ಯಾರೂ ಹೇಳಿದ್ದಲ್ಲ, ಅಷ್ಟರಲ್ಲಿ ಮನೆಮಂದಿ ಅದನ್ನೇ ನಂಬಿರುತ್ತಾರೆ.

ಆಸ್ತಿ ಬರೆಸಿಕೊಳ್ಳುವಾಗ ಬುದ್ಧಿರಾಮ ಉದ್ದುದ್ದ ಭರವಸೆ ಕೊಟ್ಟಿದ್ದ, ಅವೆಲ್ಲ ಕೂಲಿ ಡಿಪೋದ ದಲಾಲರು ತೋರಿಸುವ ಹಸಿರು ತೋಟದಂಥವು ಎಂದು ಕತೆ ಹೇಳುತ್ತದೆ. ಇವತ್ತಿನ ಓದುಗರಿಗೆ ಈ ಮಾತು ಅರ್ಥವಾಗದೆ ದಾಟಿಹೋಗಬಹುದು. ಬ್ರಿಟಿಷರ ಕಾಲದಲ್ಲಿ ಉತ್ತರ ಭಾರತದ ಹಳ್ಳಿಗಳಿಂದ ಫಿಜಿ, ಟ್ರಿನಿಡಾಡ್, ಗಯಾನಾ, ಸುರಿನಾಮ್‌ಗಳ ಕಬ್ಬಿನ ತೋಟಗಳಿಗೆ ಐದು ವರ್ಷದ ಕರಾರಿನ ಮೇಲೆ ಕೂಲಿಗಳನ್ನು ಸಾಗಿಸುತ್ತಿದ್ದರು. ದಲಾಲರು ಸಂತೆಯಲ್ಲಿ, ತೀರ್ಥಕ್ಷೇತ್ರಗಳಲ್ಲಿ ಬಡವರನ್ನು ಹುಡುಕಿ, ಕೈತುಂಬ ಕೂಲಿ, ಸುಖದ ಬದುಕು ಎಂದು ನಂಬಿಸಿ ಡಿಪೋಕ್ಕೆ ತರುತ್ತಿದ್ದರು. ಕರಾರಿಗೆ ಹೆಬ್ಬೆಟ್ಟು ಬಿದ್ದ ಮೇಲೆ ಹಡಗು, ಕಡಲು, ಸಾವಿರಾರು ಮೈಲಿ. ತಿರುಗಿ ಬರುವುದು ಸುಲಭವಿರಲಿಲ್ಲ. ಕೂಲಿಗಳ ಆ ನೇಮಕಾತಿ ನಿಂತದ್ದು 1917ರಲ್ಲಿ. ಪ್ರೇಮಚಂದರು ಹುಟ್ಟಿದ್ದು 1880ರಲ್ಲಿ, ಬನಾರಸ್ ಹತ್ತಿರದ ಲಮಹಿಯಲ್ಲಿ. ಆ ಸೀಮೆಯಿಂದ ಹಡಗು ಹತ್ತಿದವರು ಬಹಳ. ಹಾಗಾಗಿ ಆ ಒಂದು ಸಾಲಿನಲ್ಲಿ ಅವರ ಓದುಗರಿಗೆ ಇಡೀ ಮೋಸದ ರೀತಿ ತಿಳಿದುಹೋಗುತ್ತಿತ್ತು: ಹೆಬ್ಬೆಟ್ಟು ಒತ್ತುವ ತನಕ ಸವಿಮಾತು, ಆಮೇಲೆ ಕೇಳುವವರಿಲ್ಲ.

ಕಾಕಿ ಏಕೆ ಬರೆದುಕೊಟ್ಟಳು? ಕತೆ ಅದನ್ನು ಬಿಡಿಸಿ ಹೇಳುವುದಿಲ್ಲ. ಆ ಕಾಲದ ಹಿಂದೂ ಕಾನೂನು ತಿಳಿದರೆ ಸ್ವಲ್ಪ ಬೆಳಕು ಬೀಳುತ್ತದೆ. ಆಗ ಗಂಡನಿಂದ ಬಂದ ಆಸ್ತಿಯ ಮೇಲೆ ವಿಧವೆಗೆ ಇದ್ದದ್ದು ಬದುಕಿರುವ ತನಕದ ಸೀಮಿತ ಹಕ್ಕು. ಮನಸ್ಸು ಬಂದವರಿಗೆ ಮಾರುವಂತಿಲ್ಲ, ಸತ್ತ ಮೇಲೆ ಅದು ಗಂಡನ ವಾರಸುದಾರರಿಗೆ ಹೋಗುತ್ತಿತ್ತು. ಹೆಣ್ಣಿಗೆ ಅಂಥ ಆಸ್ತಿಯ ಮೇಲೆ ಪೂರ್ತಿ ಒಡೆತನ ಸಿಕ್ಕದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದ. ಅಂದರೆ ಬುದ್ಧಿರಾಮನಂಥ ಹತ್ತಿರದ ವಾರಸುದಾರ ಕಾದಿದ್ದರೂ ಆಸ್ತಿ ಅವನ ಕೈಗೇ ಬರುವ ಸಂಭವ ಹೆಚ್ಚು. ಕಾಯುವ ತಾಳ್ಮೆ ಅವನಿಗಿರಲಿಲ್ಲ. ಕಾಕಿಗೂ ಬೇರೆ ಆಸರೆ ಇರಲಿಲ್ಲ. ಹೊಲವಿದ್ದರೂ ಉಳುವವರಿಲ್ಲ, ಮನೆಯಿದ್ದರೂ ಮಾತಾಡಿಸುವವರಿಲ್ಲ, ಇಬ್ಬರು ಮೂವರನ್ನು ಮಣ್ಣು ಮಾಡಿದ ಹೆಂಗಸು. ‘ನೀ ಯಾಕ ಚಿಂತಿ ಮಾಡ್ತಿ ಚಿಗವ್ವಾ, ನಾ ಇಲ್ಲೇನ?’ ಎಂಬ ಒಂದು ಮಾತಿಗೆ ಅಂಥ ಜೀವ ಏನನ್ನಾದರೂ ಬರೆದುಕೊಡುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಸೆರಗು ಹೊದ್ದು ಕೂತು, ಹೆಸರು ಕೂಗುವುದನ್ನು ಕಾಯುತ್ತಿರುವ ಮುದುಕಿಯರನ್ನು ನೀವೂ ನೋಡಿರುತ್ತೀರಿ. ಪಕ್ಕದಲ್ಲಿ ನಿಂತವನ ಕೈಯಲ್ಲಿ ಹೊಲದ ಉತಾರ (ಪಹಣಿ), ಆಧಾರ್ ಕಾರ್ಡು, ಜೊತೆಗೆ ಆಕೆಗೆಂದು ತಂದ ಬಿಸ್ಕೀಟಿನ ಪುಡಕೆ. ಆ ಹೊತ್ತಿನ ಪ್ರೀತಿ ಪೂರ್ತಿ ನಾಟಕ ಎಂದು ನಾನು ಹೇಳಲಾರೆ. ಬುದ್ಧಿರಾಮನೂ ಮಾತು ಕೊಡುವಾಗ ತನ್ನ ಮಾತನ್ನು ಅರ್ಧಮರ್ಧ ನಂಬಿದ್ದಿರಬೇಕು.

ಆಸ್ತಿ ಕೈಬಿಟ್ಟ ಮೇಲೆ ಸಂಬಂಧದಲ್ಲಿ ಏನು ಬದಲಾಗುತ್ತದೆ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ. ಕೊಡುವುದು ಇನ್ನೂ ಬಾಕಿ ಇದ್ದಾಗ ಮನೆಯವರಿಗೆ ಮುದುಕಿಯ ಮುಖದ ಮೇಲೆ ಕಣ್ಣಿರುತ್ತದೆ. ಉಂಡಳೋ, ಮಲಗಿದಳೋ, ಮುನಿದಳೋ ಎಂದು ವಿಚಾರಿಸುತ್ತಾರೆ. ಎಲ್ಲ ಕೊಟ್ಟಾದ ಮೇಲೆ ಆಕೆ ಬರೀ ಖರ್ಚು. ಬುದ್ಧಿರಾಮನಿಗೆ ಕಾಕಿಯ ಮೇಲೆ ದ್ವೇಷವೇನೂ ಇಲ್ಲ. ಆಕೆಯ ಕಡೆ ನೋಡುವ ಅವಶ್ಯಕತೆ ಅವನಿಗೆ ಉಳಿದಿಲ್ಲ, ಅಷ್ಟೇ. ದ್ವೇಷ ಇದ್ದಿದ್ದರೆ ಜಗಳವಾದರೂ ಆಗುತ್ತಿತ್ತು, ನಾಲ್ಕು ಹಿರಿಯರು ಬಂದು ಕೂತು ಬಗೆಹರಿಸುತ್ತಿದ್ದರು. ಕಣ್ಣಿಗೇ ಬೀಳದವರ ಪರ ನ್ಯಾಯ ಹೇಳಲು ಯಾರು ಬರುತ್ತಾರೆ?

ರೂಪಾಳ ಪಾಲು ಬೇರೆ ಜಾತಿಯದು. ಕತೆಯಲ್ಲಿ ನನಗೆ ಅತಿ ಕಷ್ಟದ ಪಾತ್ರ ಆಕೆಯದು, ಅತಿ ನಿಜವಾದದ್ದೂ ಹೌದು. ತಿಲಕದ ದಿನ ಆಕೆಯ ಪಾಡನ್ನು ಪ್ರೇಮಚಂದರು ವಿವರವಾಗಿ ಬರೆದಿದ್ದಾರೆ. ಈ ಕೋಣೆಯಿಂದ ಆ ಕೋಣೆಗೆ, ಕಡಾಯಿಯ ಹತ್ತಿರದಿಂದ ಉಗ್ರಾಣಕ್ಕೆ ಓಡಾಟ. ಒಬ್ಬ ಬಂದು ಠಂಡಾಯಿ ಕೇಳುತ್ತಾನೆ, ಇನ್ನೊಬ್ಬ ಬಂದು, ಭಾಟ (ಹೊಗಳುಭಟ್ಟ) ಬಂದಿದ್ದಾನೆ, ಅವನಿಗೆ ಏನಾದರೂ ಕೊಡಿ ಎನ್ನುತ್ತಾನೆ. ಗಂಟಲು ಒಣಗಿದೆ, ನೀರು ಕುಡಿಯಲು ಪುರುಸೊತ್ತಿಲ್ಲ. ಸೆಕೆಯಲ್ಲಿ ಬೇಯುತ್ತಿದ್ದಾಳೆ, ಗಾಳಿ ಹಾಕಿಕೊಳ್ಳಲು ಹೊತ್ತಿಲ್ಲ. ಸಿಟ್ಟು ಬಂದರೂ ನುಂಗಿಕೊಳ್ಳುತ್ತಾಳೆ, ನೆರೆಮನೆಯ ಹೆಂಗಸರು ಆಡಿಕೊಂಡಾರು ಎಂಬ ಅಂಜಿಕೆ. ಅದೇ ಹೊತ್ತಿಗೆ ಕಡಾಯಿಯ ಪಕ್ಕದಲ್ಲಿ ಕೂತ ಕಾಕಿ ಕಣ್ಣಿಗೆ ಬೀಳುತ್ತಾಳೆ. ಎರೆಹುಳದ ಮೇಲೆ ಕಪ್ಪೆ ಹಾರಿದಂತೆ ರೂಪಾ ಎರಗುತ್ತಾಳೆ. ಬೈಗುಳದ ನಡುವೆ ಒಂದು ಮಾತು ಬರುತ್ತದೆ: ಊರವರು ನೋಡಿದರೆ, ಮುದುಕಿಗೆ ಹೊಟ್ಟೆ ತುಂಬ ಹಾಕುವುದಿಲ್ಲ, ಅದಕ್ಕೇ ಬಾಯಿ ಬಿಟ್ಟುಕೊಂಡು ತಿರುಗುತ್ತಾಳೆ ಅಂದಾರು. ಊರವರು ಹಾಗಂದರೆ ಅದು ನಿಜವೇ. ರೂಪಾಗೂ ಅದು ಗೊತ್ತು. ಕಾಕಿ ಹಸಿದಿದ್ದರೆ ಆಕೆಗೆ ಅಷ್ಟು ತೊಂದರೆಯಿಲ್ಲ, ಹಸಿದದ್ದು ಬೀಗರ ಕಣ್ಣಿಗೆ ಬಿದ್ದರೆ ತೊಂದರೆ. ಮರ್ಯಾದೆಯ ಹೆಸರಿನ ಸ್ವಾರ್ಥ ಇದು. ಬುದ್ಧಿರಾಮನ ಸ್ವಾರ್ಥ ಗಂಟು ಕಾಯುತ್ತದೆ, ರೂಪಾಳದು ಮನೆಯ ಮುಖ ಕಾಯುತ್ತದೆ.

ಮುಧೋಳದ ಕಡೆಯ ಒಂದು ಮನೆಯ ಕಾರ್ಯದಲ್ಲಿ ಈ ದೃಶ್ಯದ ಇನ್ನೊಂದು ರೂಪ ಕಂಡೆ. ಹಜಾರದಲ್ಲಿ ಬೀಗರ ಪಂಗ್ತಿ, ಗೋಧಿ ಹುಗ್ಗಿಯ ಮೇಲೆ ತುಪ್ಪ ಸುರಿಯುತ್ತಿದ್ದರು. ಹಿತ್ತಲ ಬಾಗಿಲ ಪಕ್ಕದ ಕೋಣೆಯಿಂದ ಮುದುಕಿಯೊಬ್ಬರು ಓಡಾಡುವ ಹುಡುಗಿಯರನ್ನು ಕರೆದು ಕೇಳುತ್ತಿದ್ದರು, ‘ಹುಗ್ಗಿ ಆತೇನ ಬೇ?’ ಯಾರೂ ನಿಲ್ಲಲಿಲ್ಲ. ಕೊನೆಗೆ ಸೊಸೆ ಬಾಗಿಲಿಗೆ ಬಂದು ದನಿ ತಗ್ಗಿಸಿ, ‘ಅತ್ತೀ, ಬೀಗರ ಪಂಗ್ತಿ ಏಳಲಿ ತಡೀರಿ, ಮಂದಿ ಕೇಳ್ತಾರ’ ಎಂದರು. ಆ ಸೊಸೆಯ ಕೈ ಮೊಣಕೈ ತನಕ ಹಿಟ್ಟು. ಬೆಳಗಿನಿಂದ ಅವರೂ ಏನೂ ಉಂಡಿರಲಿಲ್ಲ. ಅವರ ಗಂಡ ಹೊಸ ಅಂಗಿ ತೊಟ್ಟು ಬೀಗರ ಸಾಲಿನಲ್ಲಿ ‘ಉಣ್ರಿ, ಸಾವಕಾಶ ಉಣ್ರಿ’ ಎನ್ನುತ್ತ ತಿರುಗುತ್ತಿದ್ದರು. ಆ ಮನೆಯ ಹೊಲದ ಉತಾರದಲ್ಲಿ ಹೆಸರಿದ್ದದ್ದು ಅವರದು. ಮುದುಕಿಗೆ ‘ತಡೀರಿ’ ಎಂದು ಹೇಳುವ ಕೆಲಸ ಬಿದ್ದದ್ದು ಸೊಸೆಯ ಪಾಲಿಗೆ.

ಕತೆಯಲ್ಲೂ ಹೀಗೇ ಇದೆ, ಆದರೆ ಓದುವಾಗ ಮರೆತುಬಿಡುತ್ತೇವೆ. ಆಸ್ತಿ ಬರೆಸಿಕೊಂಡವನು ಬುದ್ಧಿರಾಮ. ಊಟ ಬಡಿಸಬೇಕಾದವಳು, ಕಾಕಿಯ ಅಳು ಕೇಳಬೇಕಾದವಳು, ಕೊನೆಗೆ ಊರಿನ ಬಾಯಲ್ಲಿ ಕೆಟ್ಟವಳಾಗಬೇಕಾದವಳು ರೂಪಾ. ಲಾಭ ಒಬ್ಬರಿಗೆ, ಆರೈಕೆಯ ದುಡಿಮೆ ಇನ್ನೊಬ್ಬರಿಗೆ. ಹೀಗೆ ಹಂಚಿಹೋದ ಮನೆಯಲ್ಲಿ ಇಬ್ಬರಿಗೂ ನುಣುಚಿಕೊಳ್ಳಲು ದಾರಿಯಿದೆ. ‘ಮನಿಯಾಗ ಹೆಂಗಸರು ನೋಡ್ಕೋತಾರ’ ಎಂದು ಅವನು, ‘ಬರಸ್ಕೊಂಡಾವ್ರು ನೋಡ್ಕೊಳ್ಲಿ’ ಎಂದು ಇವಳು. ರೂಪಾ ಮಾಡಿದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಹಸಿದವರನ್ನು ಕಡಾಯಿಯ ಮುಂದಿನಿಂದ ಅಟ್ಟುವುದು ಕ್ರೌರ್ಯವೇ. ಆದರೆ ಆ ಕ್ರೌರ್ಯವೆಲ್ಲ ಆಕೆಯೊಬ್ಬಳ ಗುಣದಿಂದ ಬಂತು ಎಂದರೆ ಬುದ್ಧಿರಾಮ ಸುಲಭವಾಗಿ ಪಾರಾಗುತ್ತಾನೆ.

ಲಾಡ್ಲಿಯ ವಿಷಯದಲ್ಲಿ ಪ್ರೇಮಚಂದರು ಮಾಡಿದ್ದು ನನ್ನನ್ನು ಪ್ರತಿ ಓದಿನಲ್ಲೂ ಬೆರಗುಗೊಳಿಸುತ್ತದೆ. ಬೇರೆ ಯಾರಾದರೂ ಬರೆದಿದ್ದರೆ ಮಗುವನ್ನು ದೇವತೆ ಮಾಡಿಬಿಡುತ್ತಿದ್ದರು. ಇವರು ಆ ಸ್ನೇಹದ ಬುಡದಲ್ಲೂ ಸ್ವಾರ್ಥವನ್ನೇ ತೋರಿಸುತ್ತಾರೆ. ಲಾಡ್ಲಿ ತನ್ನ ಪಾಲಿನ ತಿಂಡಿಯನ್ನು ಅಣ್ಣಂದಿರು ಕಿತ್ತುಕೊಳ್ಳುತ್ತಾರೆಂದು ಕಾಕಿಯ ಕೋಣೆಗೆ ಬಂದು ತಿನ್ನುತ್ತಾಳೆ. ಕಾಕಿಯ ಆಸೆಬುರುಕತನದಿಂದ ಆ ಆಶ್ರಯಕ್ಕೂ ಬೆಲೆ ತೆರಬೇಕು, ತಿಂಡಿಯಲ್ಲಿ ಪಾಲು ಹೋಗುತ್ತದೆ. ಆದರೂ ಅಣ್ಣಂದಿರ ಕೈಗೆ ಸಿಗುವುದಕ್ಕಿಂತ ಅದು ಅಗ್ಗ. ಇಬ್ಬರ ಸ್ವಾರ್ಥವೂ ಹೊಂದಿಕೊಂಡದ್ದರಿಂದಲೇ ಅವರಲ್ಲಿ ಮಮತೆ ಬೇರುಬಿಟ್ಟಿತು ಎಂದು ಕತೆ ನೇರವಾಗಿ ಹೇಳುತ್ತದೆ. ಹಾಗೆ ಶುರುವಾದ ಮಮತೆ, ತಿಲಕದ ರಾತ್ರಿ, ತಾನು ಒಂದೂ ತಿನ್ನದೆ ಪೂರಿ ಎತ್ತಿಡುವಷ್ಟು ಬೆಳೆದಿದೆ. ಕತ್ತಲಲ್ಲಿ ಎದುರಿನ ಬೇವಿನ ಮರದ ಮೇಲೆ ಹನುಮಂತ ಕೂತಂತೆ ಕಂಡು ಆ ಮಗು ಕಣ್ಣುಮುಚ್ಚುತ್ತದೆ. ಅಷ್ಟರಲ್ಲಿ ನಾಯಿ ಎದ್ದು ನಿಂತದ್ದು ಕಂಡು ಧೈರ್ಯ ಬಂದು ಪೆಟ್ಟಿಗೆ ಎತ್ತಿಕೊಂಡು ಹೊರಡುತ್ತದೆ.

ಸ್ವಾರ್ಥವೆಂದರೆ ಸಂಬಂಧದ ಶತ್ರು ಎಂದು ಓದುತ್ತ ಬಂದವರನ್ನು ಈ ಭಾಗ ತಡೆದು ನಿಲ್ಲಿಸುತ್ತದೆ. ಲಾಡ್ಲಿಗೂ ಕಾಕಿಯಿಂದ ಬೇಕಾದದ್ದಿದೆ, ಬುದ್ಧಿರಾಮನಿಗೂ ಬೇಕಾಗಿತ್ತು. ಲಾಡ್ಲಿಯ ಅಗತ್ಯ ದಿನದಿನವೂ ಇದೆ, ಆದ್ದರಿಂದ ದಿನವೂ ಕಾಕಿಯ ಕೋಣೆಗೆ ಬರಬೇಕು, ಪಕ್ಕದಲ್ಲಿ ಕೂಡಬೇಕು, ಆಕೆಯ ಹಸಿವು ಕಣ್ಣಿಗೆ ಬೀಳಲೇಬೇಕು. ಬುದ್ಧಿರಾಮನ ಅಗತ್ಯ ಒಂದು ಕಾಗದದಲ್ಲಿ ತೀರಿಹೋಗಿದೆ. ನಮ್ಮ ಕೂಡುಕುಟುಂಬಗಳಲ್ಲಿ ಮುದುಕರು ಮೊಮ್ಮಕ್ಕಳನ್ನು ಕಾಯುವುದು, ಎಮ್ಮೆಗೆ ಹೊಟ್ಟು ಹಾಕುವುದು, ಹಪ್ಪಳ ಸಂಡಿಗೆಯ ಹದ ಹೇಳುವುದು ಎಂದು ಏನಾದರೊಂದು ಹಿಡಿದುಕೊಂಡೇ ಇರುತ್ತಾರಲ್ಲ, ಅದರ ಹಿಂದೆ ಈ ತಿಳಿವಳಿಕೆ ಇದೆ. ‘ನಾ ಇನ್ನೂ ಬೇಕಾಗೇನಿ’ ಎಂದು ಮನೆಗೆ ದಿನಾ ನೆನಪು ಮಾಡಿಕೊಡಬೇಕು. ಹಾಸಿಗೆ ಹಿಡಿದವರಿಗೆ ಆ ದಾರಿಯೂ ಮುಚ್ಚುತ್ತದೆ.

ಕಾಕಿಯನ್ನೂ ಪ್ರೇಮಚಂದರು ಸಂತಳನ್ನಾಗಿ ಮಾಡಿಲ್ಲ. ಮಗು ತಂದ ಪೂರಿಗಳನ್ನು ಐದು ನಿಮಿಷದಲ್ಲಿ ಖಾಲಿ ಮಾಡುತ್ತಾಳೆ. ನೀನು ಉಂಡೆಯಾ ಎಂದು ಕೇಳುವುದಿಲ್ಲ, ಅವ್ವನ ಕಡೆ ಇನ್ನಷ್ಟು ಇಸಿದುಕೊಂಡು ಬಾ ಎನ್ನುತ್ತಾಳೆ. ಎಬ್ಬಿಸಿದರೆ ಹೊಡೆಯುತ್ತಾಳೆ ಎಂದು ಲಾಡ್ಲಿ ಹೇಳಿದಾಗ ಪೆಟ್ಟಿಗೆಯ ತಳ ಸವರಿ ಚೂರುಗಳನ್ನು ನೆಕ್ಕುತ್ತಾಳೆ, ಆಮೇಲೆ ಎಂಜಲೆಲೆಗಳ ಹತ್ತಿರ ಕರೆದುಕೊಂಡು ಹೋಗು ಎನ್ನುತ್ತಾಳೆ. ಓದುವಾಗ ಮುಜುಗರವಾಗುತ್ತದೆ, ಮುಜುಗರವಾಗಲಿ ಎಂದೇ ಬರೆದದ್ದು. ಮುಪ್ಪು ಬಾಲ್ಯದ ಮರುಬರವು ಎಂಬ ಮಾತಿನಿಂದ ಕತೆ ತೊಡಗುತ್ತದೆ. ಮಗುವಿನ ಹಟವನ್ನು ಹಸಿವೆಂದು ತಿಳಿದು ಉಣಿಸುತ್ತೇವೆ, ಮುದುಕರ ಹಸಿವನ್ನು ಹಟವೆಂದು ತಿಳಿದು ಬೈಯುತ್ತೇವೆ. ದಿನಾ ಹೊಟ್ಟೆ ತುಂಬಿದ್ದರೆ ಕಾಕಿಗೆ ಪೂರಿಯ ವಾಸನೆ ಇಷ್ಟು ಹುಚ್ಚು ಹಿಡಿಸುತ್ತಿರಲಿಲ್ಲ ಎಂಬುದು ನನ್ನ ಓದು. ಮನೆಯವರು ಆಕೆಯ ಜಿಹ್ವಾಚಾಪಲ್ಯವೆಂದು ದೂರುವುದರಲ್ಲಿ ಹೆಚ್ಚಿನ ಪಾಲು ಅವರೇ ಅರೆಹೊಟ್ಟೆ ಹಾಕಿ ಬೆಳೆಸಿದ್ದು.

ಈ ಆಸೆಬುರುಕ ಮುದುಕಿಯೇ ಆ ದಿನ ಒಂದು ಕೆಲಸ ಮಾಡುತ್ತಾಳೆ. ಪೂರಿಯ ವಾಸನೆ ಬರುತ್ತಿದೆ, ಯಾರೂ ಕರೆದಿಲ್ಲ, ಎದೆ ಒಡೆದು ಅಳು ಬರುತ್ತಿದೆ. ಆದರೆ ಅಳುವುದಿಲ್ಲ. ಶುಭಕಾರ್ಯದ ದಿನ ಮನೆಯಲ್ಲಿ ಅಳು ಕೇಳಿದರೆ ಅಪಶಕುನವಾದೀತೆಂದು ತಡೆದುಕೊಳ್ಳುತ್ತಾಳೆ. ಮಿಕ್ಕ ದಿನ ಒಂದು ತುತ್ತು ತಡವಾದರೆ ಗಂಟಲು ಹರಿದುಕೊಳ್ಳುವವಳು ಆಕೆ. ತನ್ನನ್ನು ಮರೆತ ಮನೆಯ ಒಳಿತನ್ನು ಮರೆಯದೆ ಇದ್ದವಳು ಆ ಮನೆಯಲ್ಲಿ ಕಾಕಿ ಒಬ್ಬಳೇ. ಕತೆ ಇದನ್ನು ಒಂದೇ ಮಾತಿನಲ್ಲಿ ಹೇಳಿ ದಾಟುತ್ತದೆ. ಇಡೀ ಕತೆಯಲ್ಲಿ ನನ್ನನ್ನು ಅತಿ ಹೆಚ್ಚು ಕಲಕಿದ ಜಾಗ ಎಂಜಲೆಲೆಯದಲ್ಲ, ಇದು.

ಅತ್ತ ಅಂಗಳದಲ್ಲಿ ಬೀಗರು ಉಂಡರು, ಮನೆಯವರು ಉಂಡರು, ಬಾಜಾದವರು, ಅಗಸರು, ಚಮ್ಮಾರರು ಎಲ್ಲ ಉಂಡರು. ಕಾಕಿಯನ್ನು ಯಾರೂ ಕೇಳಲಿಲ್ಲ. ಈ ಸಾಲಿನ ಕ್ರಮದಲ್ಲೇ ಆ ಸಮಾಜದ ಮೇಲುಕೀಳು ಕಾಣುತ್ತದೆ. ಜಾತಿಯ ಲೆಕ್ಕದಲ್ಲಿ ಕೊನೆಯಲ್ಲಿ ನಿಲ್ಲಿಸಿದವರಿಗೂ ಊಟ ಮುಟ್ಟಿತು, ಮನೆಯ ಹಿರಿಯಳಿಗೆ ಮುಟ್ಟಲಿಲ್ಲ. ಹೊರಗಿನವರಿಗೆ ಬಡಿಸಿದರೆ ಹೆಸರು ಬರುತ್ತದೆ, ಒಳಗಿನವಳಿಗೆ ಬಡಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಕೊನೆಯ ದೃಶ್ಯ. ಎಂಜಲೆಲೆ ತಡಕುವ ಕಾಕಿಯನ್ನು ಕಂಡು ರೂಪಾ ಕಣ್ಣೀರಾಗುತ್ತಾಳೆ. ಆಗ ಆಕೆಯ ಬಾಯಿಂದ ಬರುವ ಪ್ರಾರ್ಥನೆ: ದೇವರೇ, ನನ್ನ ಮಕ್ಕಳ ಮೇಲೆ ದಯೆಯಿರಲಿ, ಈ ಅಧರ್ಮಕ್ಕೆ ನನಗೆ ಶಿಕ್ಷೆ ಕೊಡಬೇಡ. ಪಶ್ಚಾತ್ತಾಪದ ಒಳಗೂ ಮಕ್ಕಳ ಚಿಂತೆ, ಶಾಪದ ಭಯ ಇದೆ. ಅದನ್ನು ಟೊಳ್ಳು ಎನ್ನಲು ನನಗೆ ಮನಸ್ಸಿಲ್ಲ. ಭಯದಿಂದ ಶುರುವಾದದ್ದು ಮುಂದೆ ನಿಜವಾದ ಲೆಕ್ಕಕ್ಕೆ ಬರುತ್ತದೆ: ಯಾರ ಆಸ್ತಿಯಿಂದ ವರ್ಷಕ್ಕೆ 200 ರೂಪಾಯಿ ಬರುತ್ತಿದೆಯೋ ಅವಳಿಗೆ ಈ ಗತಿಯೇ, ನೂರಾರು ಮಂದಿ ಉಂಡ ದಿನ ಆಕೆಗೆ ಊಟ ಸಿಗದಿದ್ದದ್ದು ಆಕೆ ಅಸಹಾಯಕಳು ಎಂಬ ಒಂದೇ ಕಾರಣಕ್ಕಲ್ಲವೇ ಎಂದು ಕೇಳಿಕೊಳ್ಳುತ್ತಾಳೆ. ಕತೆಯ ಆರಂಭದ ಲೆಕ್ಕವನ್ನು ಮನಸ್ಸಿನಲ್ಲಿ ಒಪ್ಪಿಕೊಂಡವಳು ಆಕೆ. ಕ್ಷಮೆ ಕೇಳಿ ಬಡಿಸುತ್ತಾಳೆ. ಪೆಟ್ಟು ತಿಂದ ಮಗು ಮಿಠಾಯಿ ಸಿಕ್ಕಾಗ ಎಲ್ಲ ಮರೆಯುವಂತೆ ಕಾಕಿ ಮರೆತು ಉಣ್ಣುತ್ತಾಳೆ, ಮೈಯ ಕೂದಲು ಕೂದಲಿನಿಂದ ಹರಕೆ ಹೊಮ್ಮುತ್ತದೆ.

ಈ ಮುಕ್ತಾಯವನ್ನು ಸುಖಾಂತ್ಯ ಎನ್ನುವವರಿದ್ದಾರೆ. ಆ ದೃಶ್ಯದಲ್ಲಿ ಯಾರು ಇಲ್ಲ ಎಂದು ಮಾತ್ರ ನೋಡಿ. ಕಾಕಿ ಇದ್ದಾಳೆ, ರೂಪಾ ಇದ್ದಾಳೆ. ಕತ್ತಲಲ್ಲಿ ಕೈ ಹಿಡಿದು ತಂದ ಲಾಡ್ಲಿ ಇದ್ದಳು. ಬುದ್ಧಿರಾಮ ಇಲ್ಲ. ಕಾಗದ ಅವನ ಹೆಸರಿನಲ್ಲಿದೆ, ಅವನ ಪಾಡಿಗೆ ಅವನಿದ್ದಾನೆ. ಅತ್ತವಳು, ಅಂಜಿದವಳು, ಕ್ಷಮೆ ಕೇಳಿದವಳು ಎಲ್ಲ ಹೆಂಗಸರೇ. ಮರುದಿನ ಬೆಳಗ್ಗೆ ಕಾಕಿಯ ತಾಟಿನಲ್ಲಿ ಏನಿತ್ತೆಂದು ಕತೆ ಹೇಳುವುದಿಲ್ಲ. ರೂಪಾಳ ಭಯ ಎಷ್ಟು ದಿನ ಬಾಳಿತೋ ಅಷ್ಟು ದಿನ ಊಟ ಸಿಕ್ಕಿರಬೇಕು.

ಆಸ್ತಿ ಇಟ್ಟುಕೊಂಡವನನ್ನು ಎಬ್ಬಿಸಿ ಕೇಳುವ ಸುಲಭದ ದಾರಿ ಆಗ ಇರಲಿಲ್ಲ, ಈಗ ಇದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಮತ್ತು ಕಲ್ಯಾಣ ಕಾಯ್ದೆ 60 ವರ್ಷ ತುಂಬಿದವರಿಗೆ ಅನ್ವಯಿಸುತ್ತದೆ. ಅದರಲ್ಲಿ ಹೆತ್ತ ಮಕ್ಕಳ ಹೊಣೆಯ ಜೊತೆಗೆ ಕಾಕಿಯಂಥವರ ವಿಷಯವೂ ಬಂದಿದೆ. ಮಕ್ಕಳಿಲ್ಲದ ಹಿರಿಯರ ಆಸ್ತಿಯನ್ನು ಅನುಭವಿಸುತ್ತಿರುವ, ಅಥವಾ ಮುಂದೆ ಪಡೆಯಲಿರುವ ವಾರಸುದಾರ ಅವರನ್ನು ನೋಡಿಕೊಳ್ಳಲೇಬೇಕು. ಅರ್ಜಿಯನ್ನು ಉಪವಿಭಾಗಾಧಿಕಾರಿಯ ಮಟ್ಟದ ನ್ಯಾಯಮಂಡಳಿಗೆ ಕೊಡಬೇಕು, ಜನ ‘ಎ.ಸಿ. ಆಫೀಸು’ ಎನ್ನುವುದು ಇದನ್ನೇ. ಬಾಗಲಕೋಟೆ ಜಿಲ್ಲೆಯಲ್ಲಿ ಬಾಗಲಕೋಟೆ ಮತ್ತು ಜಮಖಂಡಿ, ವಿಜಯಪುರದಲ್ಲಿ ವಿಜಯಪುರ ಮತ್ತು ಇಂಡಿ, ಬೆಳಗಾವಿಯಲ್ಲಿ ಬೆಳಗಾವಿ, ಬೈಲಹೊಂಗಲ ಮತ್ತು ಚಿಕ್ಕೋಡಿ ಉಪವಿಭಾಗಗಳಿವೆ. ಹಿರಿಯರು ತಾವೇ ಹೋಗಲಾಗದಿದ್ದರೆ ಅವರು ಒಪ್ಪಿದ ಬೇರೆಯವರು ಅಥವಾ ನೋಂದಾಯಿತ ಸಂಸ್ಥೆ ಅರ್ಜಿ ಹಾಕಬಹುದು, ನ್ಯಾಯಮಂಡಳಿ ತಾನಾಗಿಯೂ ಕೈಗೆತ್ತಿಕೊಳ್ಳಬಹುದು. ತಿಂಗಳಿಗೆ 10,000 ರೂಪಾಯಿ ತನಕ ನಿರ್ವಹಣಾ ವೆಚ್ಚ ಕೊಡಿಸುವ ಅಧಿಕಾರ ಅದಕ್ಕಿದೆ. ಹಿರಿಯರನ್ನು ಪೂರ್ತಿ ಬಿಟ್ಟುಬಿಡಬೇಕೆಂದೇ ಎಲ್ಲಾದರೂ ತಂದು ಬಿಟ್ಟುಹೋದವರಿಗೆ ಮೂರು ತಿಂಗಳ ತನಕ ಜೈಲು, 5,000 ರೂಪಾಯಿ ತನಕ ದಂಡ, ಅಥವಾ ಎರಡೂ. ಬೆಳಗಾವಿಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೊಂದರಲ್ಲೇ 150ಕ್ಕೂ ಹೆಚ್ಚು ಹಿರಿಯರನ್ನು ಮಕ್ಕಳು ಬಿಟ್ಟುಹೋಗಿದ್ದಾರೆಂದು ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು 2025ರಲ್ಲಿ ಹೇಳಿದಾಗ, ದೂರು ಕೊಡಬೇಕೆಂದದ್ದು ಇದೇ ಕಾಯ್ದೆಯ ಕೆಳಗೆ.

ಬರೆದುಕೊಟ್ಟ ಆಸ್ತಿಯ ಮಾತು ಬರುವುದು 23ನೇ ಕಲಮಿನಲ್ಲಿ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವನು ನೋಡಿಕೊಳ್ಳದಿದ್ದರೆ, ಆ ಬಕ್ಷೀಸ್ ಪತ್ರವನ್ನು (ದಾನಪತ್ರವನ್ನು) ಮೋಸದಿಂದ ಬರೆಸಿಕೊಂಡದ್ದೆಂದು ತಿಳಿದು ರದ್ದು ಮಾಡಬಹುದು. ಹೆಚ್ಚಿನ ಕುಟುಂಬಗಳು ಎಡವುವುದು ಆ ಷರತ್ತಿನಲ್ಲಿ. ‘ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ’ ಎಂದಷ್ಟೇ ಬರೆಸಿ, ನೋಡಿಕೊಳ್ಳುವ ಮಾತನ್ನು ಬಾಯಲ್ಲೇ ಬಿಟ್ಟಿರುತ್ತಾರೆ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಅಂಥ ಷರತ್ತು ಇತ್ತೆಂದು ತೋರಿಸದಿದ್ದರೆ 23ನೇ ಕಲಮು ಸಹಾಯಕ್ಕೆ ಬರುವುದಿಲ್ಲ ಎಂದಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ, ಮಗ ನೋಡಿಕೊಳ್ಳುತ್ತೇನೆಂದು ಬೇರೆಯಾಗಿ ಬರೆದುಕೊಟ್ಟ ವಚನಪತ್ರವನ್ನೂ ಗಣನೆಗೆ ತೆಗೆದುಕೊಂಡು, ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದು ಹೇಳಿ ಆಸ್ತಿಯನ್ನು ತಾಯಿಗೆ ಮರಳಿಸಿತು. ಎರಡೂ ತೀರ್ಪು ಸೇರಿ ಓದಿದರೆ ಸಾಮಾನ್ಯ ಜನಕ್ಕೆ ಸಿಗುವ ತಿಳಿವಳಿಕೆ ಒಂದೇ, ಮಾತು ಕಾಗದದಲ್ಲಿರಬೇಕು.

ಆದ್ದರಿಂದ ನಿಮ್ಮ ಮನೆಯ ಹಿರಿಯರೊಬ್ಬರು ಹೊಲವನ್ನೋ ಮನೆಯನ್ನೋ ಬರೆದುಕೊಡುವುದಿದ್ದರೆ, ಊಟ, ವಸತಿ, ಔಷಧೋಪಚಾರ ನೋಡಿಕೊಳ್ಳುವ ಷರತ್ತಿನ ಮೇಲೆ ಕೊಡುತ್ತಿದ್ದೇನೆ, ತಪ್ಪಿದರೆ ಪತ್ರ ರದ್ದು ಎಂಬ ಸಾಲನ್ನು ಪತ್ರದಲ್ಲೇ ಬರೆಸಿ. ಓದಲು ಬಾರದ ಹಿರಿಯರಿದ್ದರೆ, ಹೆಬ್ಬೆಟ್ಟಿಗೆ ಮುಂಚೆ ಆ ಸಾಲನ್ನು ಆಸ್ತಿ ಪಡೆಯದ ಯಾರಾದರೂ ಅವರಿಗೆ ಗಟ್ಟಿಯಾಗಿ ಓದಿ ಹೇಳಲಿ. ಈಗಾಗಲೇ ಬರೆದುಕೊಟ್ಟು ತೊಂದರೆಯಲ್ಲಿದ್ದವರು ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು, ಇಲ್ಲವೇ ಎ.ಸಿ. ಕಚೇರಿಗೆ ನೇರ ಅರ್ಜಿ ಕೊಡಬಹುದು. ಆ ಅರ್ಜಿಯಲ್ಲಿ ಎದುರುದಾರನೆಂದು ಬರೆಯಬೇಕಾದ ಹೆಸರು ಆಸ್ತಿ ಪಡೆದವನದು, ಬಡಿಸಲಿಲ್ಲವೆಂದು ಎಲ್ಲರೂ ಬೈಯುವ ಸೊಸೆಯದಲ್ಲ.